ದೋಸಾ ಸರ್ವರಿನ ಮಾನ

ನಾಚಿಕೆ ಕಿವಿಯ ತುದಿಯಿಂದ ಶುರುವಾಗುತ್ತದೆ ಎಂದು ನನಗೆ ಗೊತ್ತಾದದ್ದು ಕಳೆದ ಶನಿವಾರ, ಡೊಂಬಿವಲಿ ಈಸ್ಟ್‌ನ ನಮ್ಮ ಒನ್ ಬಿಎಚ್‌ಕೆಯಲ್ಲಿ, ಸಂಜೆ ನಾಲ್ಕೂಕಾಲಿಗೆ. ಇವತ್ತಿಗೂ ಕಿವಿ ಬಿಸಿ ಇದೆ! ಆದರೆ ಹೇಳದೆ ಇರಲಿಕ್ಕೂ ಆಗುತ್ತಿಲ್ಲ.

ಸೋಮವಾರ ನನ್ನ ಪ್ರಾಜೆಕ್ಟ್ ಡೆಮೊ. ಕಳಂಬೋಲಿಯ ಕಬ್ಬಿಣ ಮಾರ್ಕೆಟ್ಟಿನ ಹತ್ತಿರ ಪಪ್ಪನ ಹೋಟೆಲಿದೆ; ಅಲ್ಲಿ ಆರ್ಡರ್ ತೆಗೆದುಕೊಳ್ಳುವ ಘನಗಂಭೀರ ವ್ಯವಸ್ಥೆಯೊಂದನ್ನು ನಾನು ನಿರ್ಮಿಸಿದ್ದೆ. ಅದು ಓಡಬೇಕಾದರೆ ಲ್ಯಾಪ್‌ಟಾಪಿನೊಳಗೆ ಒಂದು ವರ್ಚುವಲ್ ಮಷೀನ್ ಬೇಕು. (ಕಂಪ್ಯೂಟರಿನೊಳಗೇ ಇನ್ನೊಂದು ಕಾಲ್ಪನಿಕ ಕಂಪ್ಯೂಟರ್. ಇರುವ ಒಂದು ಬೆಡ್‌ರೂಮಿನಲ್ಲೇ ಪೇಯಿಂಗ್ ಗೆಸ್ಟ್ ಇಟ್ಟುಕೊಂಡ ಹಾಗೆ.) ಅದಕ್ಕೆ ಇಂಗ್ಲಿಷಿನಲ್ಲಿ ‘ದೋಸಾ ಸರ್ವರ್’ ಎಂದು ಪ್ರೀತಿಯಿಂದ ನಾಮಕರಣ ಮಾಡಿ, ನೆಕ್ಸ್ಟ್, ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತಿದೆ. ಮಷೀನು ಕಣ್ಣು ಬಿಟ್ಟಿತು, ಮೆಮೊರಿ ಸಾಲದು ಎಂದಿತು, ಸತ್ತಿತು. ಮೂರು ದಿನ, ನಲವತ್ತು ಸಲ ಇದೇ ಸಾವು. ಡೆಮೊ ಹೋದರೆ ಕೇಟಿ ಗ್ಯಾರಂಟಿ, ಅಂದರೆ ಅದೇ ಪೇಪರ್ ಮತ್ತೊಮ್ಮೆ ಬರೆಯುವ ಮಹಾಭಾಗ್ಯ.

“ಅಮ್ಮಾ, ಮೆಮೊರಿ ಸಾಕಾಗ್ತಿಲ್ಲ!”

“ನಿನ್ನದು ಯಾವಾಗ ಸಾಕಿತ್ತು ಮಾರಾಯ್ತಿ? ಹಾಲು ತಾ ಅಂದ್ರೆ ಬರೀ ಕೈಲಿ ಬರ್ತಿ. ಇಲ್ಲಿ ಗ್ರೈಂಡರ್ ತಿರುಗುವುದಿಲ್ಲ, ನೆನೆಸಿದ ಉದ್ದಿಗೆ ಮೊಳಕೆ ಬರ್ಲಿಕ್ಕುಂಟು!”

ಎರಡೂ ದೂರುಗಳನ್ನು ಪಪ್ಪನಿಗೆ ಫೋನಿನಲ್ಲಿ ಒಪ್ಪಿಸಿದೆ. ಊಟದ ರಶ್ಶಿನ ಹೊತ್ತು.

“ಇಬ್ರನ್ನು ಕಳಿಸ್ತೇನೆ ದಿಶಾ. ಮೂರಕ್ಕೆ ಚೆನ್ನಯ, ನಾಲ್ಕಕ್ಕೆ ಕಶ್ಯಪ. ನಂಬರ್ ಹಾಕ್ತೇನೆ... ಏಯ್, ಆ ಟೇಬಲಿಗೆ ಎರಡು ಇಡ್ಲಿ ವಡಾ!” ಲೈನ್ ಕಟ್.

ಯಾರು ಯಾವುದಕ್ಕೆ ಎಂದು ಕೇಳಿದೆನೇ? ಯಾಕೆ ಕೇಳಬೇಕು? ಹೆಸರೇ ಹೇಳುತ್ತದಲ್ಲ! ಕಶ್ಯಪ ಎಂದರೆ ಎಸಿ ಕ್ಯಾಬಿನ್, ಕುತ್ತಿಗೆಯಲ್ಲಿ ಐಡಿ ಕಾರ್ಡ್. ಚೆನ್ನಯ ಎಂದರೆ ಅಜ್ಜಂದಿರ ಕಾಲದ ಹೆಸರು, ಗ್ರೈಂಡರಿಗೇ ಸರಿ. ಇಬ್ಬರನ್ನೂ ಹಾಗೆಯೇ ಫೋನಿನಲ್ಲಿ ಸೇವ್ ಮಾಡಿಕೊಂಡೆ.

ಮೂರಕ್ಕೆ ಚೆನ್ನಯ ಬಂದರು. ಮೂವತ್ತರ ಆಸುಪಾಸು, ರಬ್ಬರ್ ಚಪ್ಪಲಿ, ಕೈ ಬೀಸಿಕೊಂಡು ಬಂದಿದ್ದರು.

“ಮಷೀನ್ ಎಲ್ಲುಂಟು?”

ಸೀದಾ ಅಡುಗೆಮನೆಗೆ ಕರೆದೊಯ್ದೆ. ಅವರು ಗ್ರೈಂಡರ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗ್ರೈಂಡರ್ ನೋಡಿದರು.

“ಇದಾ?”

“ಇನ್ನೆಂಥದ್ದು? ಬೇಗ ಮಾಡಿ, ನಾಲ್ಕಕ್ಕೆ ಸಾಫ್ಟ್‌ವೇರಿನವರು ಬರ್ತಾರೆ.”

“ಹೌದಾ? ಹಾಗಾದ್ರೆ ಬೇಗ ಮಾಡ್ಬೇಕು. ಸ್ಕ್ರೂಡ್ರೈವರ್ ಉಂಟಾ?”

(ರಿಪೇರಿಗೆ ಬರುವವನು ಸ್ಕ್ರೂಡ್ರೈವರ್ ತರದೆ ಬರುವುದೇ ಎಂದು ಮನಸ್ಸಿನಲ್ಲೇ ಬೈದದ್ದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.)

ನಾಲ್ಕಕ್ಕೆ ಕಶ್ಯಪ ಬಂದ. ಇಸ್ತ್ರಿ ಶರ್ಟು, ಕನ್ನಡಕ, ಕಪ್ಪು ಬ್ಯಾಗು! ಫ್ಯಾನಿನ ಕೆಳಗೆ ಕುರ್ಚಿ, ಏಲಕ್ಕಿ ಚಹಾ, ಗೋಳಿಬಜೆ. ಅವನು ನಾಲ್ಕು ಬಜೆ ಮುಗಿಸುವವರೆಗೂ ನಾನು ಉಸಿರು ಬಿಡದೆ ಲಿನಕ್ಸ್, ಮೆಮೊರಿ, ಕೇಟಿ ಎಲ್ಲ ವಿವರಿಸಿದೆ. ಅವನು ಲ್ಯಾಪ್‌ಟಾಪನ್ನು ಎತ್ತಿ, ಅಡಿಭಾಗ ನೋಡಿ, ಬಹಳ ಮರ್ಯಾದೆಯಿಂದ ಕೇಳಿದ:

“ಮೇಡಂ, ಇಸ್ಕಾ ಮೋಟರ್ ಕಿಧರ್ ಹೈ?”

ಅಷ್ಟರಲ್ಲಿ ಅಡುಗೆಮನೆಯಲ್ಲಿ ಗ್ರೈಂಡರ್ ಗುರ್ರ್ ಎಂದು ತಿರುಗಿತು. ಚೆನ್ನಯ ಉದ್ದಿನ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಸ್ಕ್ರೀನಿಗೆ ಬಗ್ಗಿದರು.

“ಹೆಸರು ದೋಸಾ ಅಂತ ಇಟ್ಟಿದ್ದೀರಿ. ಮೊದಲ ಮೂರು ಅಕ್ಷರ ಡಿ, ಓ, ಎಸ್ ನೋಡಿ ಇದು ಡಾಸ್ ಅಂತ ತಿಳ್ಕೊಂಡಿದೆ. ಅಜ್ಜಂದಿರ ಕಾಲದ ಸಿಸ್ಟಮ್ ಅಲ್ವಾ, ಚಿಟಿಕೆಯಷ್ಟು ಮೆಮೊರಿ ಕೊಟ್ಟು ಕೂರಿಸಿದೆ.”

ಎರಡು ಕ್ಲಿಕ್. ದೋಸಾ ಸರ್ವರ್ ಎದ್ದು ಕುಳಿತಿತು! ನಾನು ಕುಣಿದೆ. ಖುಷಿಯಲ್ಲಿ ಬಾಯಿಗೆ ಬೀಗವಿರಲಿಲ್ಲ.

“ಎಂಥ ಪೆದ್ದು ಸಾಫ್ಟ್‌ವೇರ್! ಬರೀ ಹೆಸರು ನೋಡಿ ಯಾರಾದ್ರೂ ಹೀಗೆ...”

ಕಿವಿ ಬಿಸಿಯಾಯಿತು. ಅಮ್ಮ ಗಟಗಟ ನೀರು ಕುಡಿಯುತ್ತ ನಗು ನುಂಗಿದಳು. ಕಶ್ಯಪ ಐದನೆಯ ಬಜೆ ತೆಗೆದುಕೊಂಡ.

“ಅದರದ್ದೇನೂ ತಪ್ಪಿಲ್ಲ,” ಎಂದರು ಚೆನ್ನಯ. “ಅದು ಊಹೆ ಮಾತ್ರ ಮಾಡ್ತದೆ. ಸರಿಯಾ ಅಂತ ಕೇಳ್ತದೆ ಕೂಡ. ನೋಡದೆ ನೆಕ್ಸ್ಟ್ ಒತ್ತುವವರದ್ದೇ ಕಷ್ಟ.”

ಅವರು ಮಹಾಪೆಯ ಡೇಟಾ ಸೆಂಟರಿನಲ್ಲಿ ಇಂಥ ಸಾವಿರ ಮಷೀನುಗಳನ್ನು ನೋಡಿಕೊಳ್ಳುವವರಂತೆ. ಪಪ್ಪನ ಹಳೆಯ ಗಿರಾಕಿಯಂತೆ. ತಮ್ಮ ಮಾವನ ಹೋಟೆಲಿನಲ್ಲಿ ಗ್ರೈಂಡರ್ ಬಿಚ್ಚಿ ಅಭ್ಯಾಸವಿತ್ತಂತೆ. ಒಂದೊಂದು ‘ಅಂತೆ’ಗೂ ನಾನು ಒಂದೊಂದು ಇಂಚು ಕುಸಿಯುತ್ತಿದ್ದೆ. ಅವರಿಗೆ ಒಂದು ಲೋಟ ನೀರೂ ಕೊಟ್ಟಿರಲಿಲ್ಲ!

ಹೊರಡುವಾಗ, “ಸೋಮವಾರ ಏನಾದ್ರೂ ಕೈಕೊಟ್ರೆ ಕಾಲ್ ಮಾಡಿ. ಈಗ ಒಂದು ರಿಂಗ್ ಕೊಡಿ, ನಿಮ್ಮ ನಂಬರ್ ಇರಲಿ,” ಎಂದರು.

ಉತ್ಸಾಹದಿಂದ ಅವರ ಎದುರೇ ಡಯಲ್ ಮಾಡಿದೆ. ನನ್ನ ಸ್ಕ್ರೀನಿನ ತುಂಬ ದಪ್ಪಕ್ಷರದಲ್ಲಿ ಬೆಳಗಿತು: ‘ಗ್ರೈಂಡರ್ ರಿಪೇರಿ ಚೆನ್ನಯ’.

ಅವರು ಗಟ್ಟಿಯಾಗಿ ಓದಿದರು. ನಿಧಾನವಾಗಿ, ಪೂರ್ತಿ.

“ಈಗಲೇ... ಈಗಲೇ ಚೇಂಜ್ ಮಾಡ್ತೇನೆ ಸರ್,” ಎಂದು ತೊದಲಿದೆ.

“ಬೇಡ ದಿಶಾ!” ಅಡುಗೆಮನೆಯಿಂದ ಅಮ್ಮನ ಕೂಗು. “ಹಾಗೇ ಇರ್ಲಿ. ಮಿಕ್ಸಿಯೂ ಸ್ವಲ್ಪ ಸದ್ದು ಮಾಡ್ತಾ ಉಂಟು!”