ಮನೆಯಲ್ಲೇ ಕೂತು ಮೂವತ್ತೈದು ಸೀಟು

ಫ್ಯಾಕ್ಟರಿಗೆ ಹೋಗುವವರು ತಲೆಹರಟೆಗಳನ್ನು ಹುಡುಕಿಕೊಂಡು ಹೋಗಬೇಕು. ಮನೆಯಲ್ಲಿ ಕೂತು ಕೆಲಸ ಮಾಡುವವರ ಬಾಗಿಲಿಗೆ ಅವರೇ ಬಂದು, ಚಪ್ಪಲಿ ಬಿಟ್ಟು, ಒಳಗೆ ಬಂದು ನೀರು ಕೇಳುತ್ತಾರೆ. ದಿನಕ್ಕೊಂದಾದರೂ ಇಂಥದ್ದು ನಡೆಯದಿದ್ದರೆ ಅವತ್ತು ನಮ್ಮ ಬೀದಿಯಲ್ಲಿ ಏನೋ ಕೆಟ್ಟದ್ದಾಗಿದೆ ಅಂತಲೇ ಅರ್ಥ.

ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಒಂಬತ್ತು ವರ್ಷ ದುಡಿದೆ. ಹೆಂಗಸರು ಕಕ್ಕಸಿಗೆ ಹೋಗಬೇಕಾದರೆ ಟೋಕನ್ ತಗೊಂಡು ಹೋಗಬೇಕು ಅಂತ ಒಂದು ದಿನ ಕಾನೂನು ಮಾಡಿದರು. ನಾನು ಎಲ್ಲರ ಟೋಕನ್ನೂ ಸೆರಗಿಗೆ ಕಟ್ಟಿಕೊಂಡು ಹೋಗಿ ಮ್ಯಾನೇಜರ್ ಮೇಜಿನ ಮೇಲೆ ಸುರಿದು ಬಂದೆ. ಕೆಲಸ ಹೋಯಿತು. "ಆರು ತಿಂಗಳಲ್ಲಿ ನೀನೇ ಬಂದು ಇದೇ ಗೇಟಲ್ಲಿ ನಿಂತ್ಕತೀಯ" ಅಂದ ಸೂಪರ್‌ವೈಸರ್. ಏನಾದರೂ ಆಗಲಿ, ಆ ಗೇಟಿಗೆ ಮತ್ತೆ ಹೋಗಬಾರದು ಅಂತ ನಿಂತೆ.

ಆಗ ಕಣ್ಣಿಗೆ ಬಿದ್ದದ್ದು ಬೆಂಗಳೂರಿನ ಒಂದು ಪ್ರವಾಸ ಕಂಪನಿಯ ಜಾಹೀರಾತು. ಮನೆಯಿಂದಲೇ ಏಜೆಂಟ್ ಕೆಲಸ, ನಿಮ್ಮ ಸಮಯ ನಿಮ್ಮ ಕೈಯಲ್ಲಿ. ರೈಲು, ಬಸ್ಸಿನ ಟಿಕೆಟ್ ಮಾಡಿಕೊಡುವುದು, ಯಾತ್ರೆಗೆ ಜನ ಸೇರಿಸುವುದು. ಷರತ್ತು ಒಂದೇ: ಆರು ತಿಂಗಳೊಳಗೆ ಮೂವತ್ತೈದು ಸೀಟಿನ ಒಂದು ಬಸ್ಸನ್ನು ಪೂರ್ತಿ ತುಂಬಿಸಬೇಕು. ಇಲ್ಲದಿದ್ದರೆ ಏಜೆನ್ಸಿ ರದ್ದು. ಒಪ್ಪಿಕೊಂಡೆ. ನಡುಮನೆಯಲ್ಲಿ, ದೇವರ ಪಟದ ಪಕ್ಕದಲ್ಲೇ, ಹಳೇ ಕಂಪ್ಯೂಟರ್ ಬಂದು ಕೂತಿತು.

೧. ಹೆಂಗೂ ಮನೇಲೇ ಇರ್ತೀಯಲ್ಲ

ಮೊದಲ ವಾರ ಎದುರು ಮನೆಯವಳು ಬೀಗದ ಕೈ ಕೊಟ್ಟಳು. "ಅಕ್ಕಾ, ಹೆಂಗೂ ಮನೇಲೇ ಇರ್ತೀಯಲ್ಲ, ನಮ್ಮೋರು ಬಂದ್ರೆ ಕೊಟ್ಬುಡು." ಎರಡನೇ ವಾರ ಮೂರು ಮನೆಯ ಬೀಗದ ಕೈ. ಮೂರನೇ ವಾರ ಗ್ಯಾಸ್ ಸಿಲಿಂಡರ್ ತರುವವನು ಇಡೀ ಬೀದಿಯ ಸಿಲಿಂಡರ್‌ಗಳನ್ನು ನಮ್ಮ ಜಗಲಿಯಲ್ಲೇ ಇಳಿಸಿ ಹೋದ. ತಮಿಳಿನಲ್ಲಿ ಬೈದೆ, ತೆಲುಗಿನಲ್ಲಿ ಬೈದೆ. "ಕನ್ನಡದಾಗೂ ಬೈದ್ಬುಡಕ್ಕ, ಒಂದು ಬಾಕಿ ಯಾಕೆ" ಅಂದು ಹೋದ.

ನನ್ನ ಅತ್ತೆಗೆ ಇದೆಲ್ಲ ಸರಿಯಾಗಿಯೇ ಕಾಣುತ್ತಿತ್ತು. ಯಾರಾದರೂ "ಸೊಸೆ ಏನ್ ಮಾಡ್ತಾವ್ಳೆ?" ಅಂದರೆ, ನಾನು ಎರಡು ಕಿವಿಗೂ ಫೋನ್ ಇಟ್ಟುಕೊಂಡು ಕೂಗಾಡುತ್ತಿದ್ದಾಗಲೂ, "ಏನಿಲ್ಲ, ಸುಮ್ನೆ ಕುಂತವ್ಳೆ" ಅನ್ನುತ್ತಿದ್ದಳು.

ಕೊನೆಗೆ ಒಂದು ಬೋರ್ಡ್ ಬರೆದು ಬಾಗಿಲಿಗೆ ತೂಗುಹಾಕಿದೆ: ಕಚೇರಿ ಸಮಯ ಒಂಬತ್ತರಿಂದ ಐದು. ಈ ಸಮಯದಲ್ಲಿ ಬೇರೆ ಕೆಲಸಕ್ಕೆ ಯಾರೂ ಬರಬಾರದು.

ಅವತ್ತು ಯಾರೂ ಬರಲಿಲ್ಲ. ಬೋರ್ಡಿಗಿರುವ ಮರ್ಯಾದೆ ಮನುಷ್ಯರಿಗಿಲ್ಲ ಅಂದುಕೊಂಡೆ. ಐದು ಗಂಟೆಗೆ ಬಾಗಿಲು ತೆಗೆದರೆ ಹೊರಗೆ ಸಾಲು ನಿಂತಿತ್ತು. ಒಬ್ಬಳ ಕೈಯಲ್ಲಿ ರುಬ್ಬುವ ಅಕ್ಕಿ, ಒಬ್ಬಳ ಕಂಕುಳಲ್ಲಿ ಕೂಸು, ಇನ್ನೊಬ್ಬಳ ಕೈಯಲ್ಲಿ ಕರೆಂಟ್ ಬಿಲ್ಲು.

"ಬೋರ್ಡ್ ನೋಡಿದ್ವಿ ಕಣಕ್ಕ" ಅಂದಳು ಮುಂದಿದ್ದವಳು. "ಅದ್ಕೇ ಐದು ಗಂಟೆಗಂಟ ಕಾಯ್ಕೊಂಡಿದ್ವಿ. ಈಗ ನೀನು ಖಾಲಿ ಅಲ್ವಾ?"

೨. ಸೀಲು

ಅಂಚೆಟ್ಟಿ ಕಡೆಯ ಒಬ್ಬ ಮುದುಕ ಗುಡ್ಡ ಇಳಿದು, ಬಸ್ಸಿಗೆ ಕಾದು, ಮಧ್ಯಾಹ್ನಕ್ಕೆ ನಮ್ಮ ಮನೆಗೆ ಬಂದ. ಕೊಯಮತ್ತೂರಿನ ಮಗಳ ಮನೆಗೆ ರೈಲು ಟಿಕೆಟ್ ಬೇಕಿತ್ತು. ಬರುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಎರಡು ಗಂಟೆ ಕೂತ. ಕರೆಂಟು ಬಂದ ಮೇಲೆ ಟಿಕೆಟ್ ಅಚ್ಚು ಹಾಕಿ ಕೊಟ್ಟೆ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಇದೇನಮ್ಮಾ, ಬರೀ ಪೇಪರು?"

"ಇದೇ ಟಿಕೆಟ್ ತಾತ. ಕಂಪ್ಯೂಟರ್ ಟಿಕೆಟ್."

"ಸೀಲೆಲ್ಲೈತೆ?"

"ಸೀಲು ಬೇಡ ತಾತ."

"ಸೀಲಿಲ್ದಿದ್ರೆ ನಮ್ಮೂರಾಗೆ ಸತ್ತೋನೂ ಸತ್ತ ಅಂತ ಲೆಕ್ಕಿಲ್ಲ. ಸೀಲು ಹಾಕು."

ಸೀಲಿಗೆ ಹೆದರಬಾರದು, ಸೀಲು ಹಿಡಿದವನು ನಮ್ಮ ಆಳು, ಕಚೇರಿಗಳಿರುವುದೇ ನಮಗೋಸ್ಕರ ಅಂತ ಅರ್ಧ ಗಂಟೆ ಹೇಳಿದೆ. ಕೈಕಟ್ಟಿ ಕೇಳಿದ. ಮುಗಿದ ಮೇಲೆ, "ಎಲ್ಲಾ ಸರಿ ಕಣಮ್ಮಾ. ಸೀಲು?" ಅಂದ.

ಮನೆಯಲ್ಲಿದ್ದದ್ದು ಒಂದೇ ಸೀಲು, ನಮ್ಮ ಬೀದಿಯ ಮಹಿಳಾ ಸ್ವಸಹಾಯ ಸಂಘದ್ದು. ಹಲ್ಲು ಕಡಿದುಕೊಂಡು ಅದನ್ನೇ ಒತ್ತಿಕೊಟ್ಟೆ. ಕಣ್ಣಿಗೊತ್ತಿಕೊಂಡು ಹೋದ.

ಹತ್ತು ದಿನ ಬಿಟ್ಟು ಬಾಳೆಗೊನೆ ಹೊತ್ತು ತಂದ. "ರೈಲಲ್ಲಿ ಆ ಕಪ್ಪು ಕೋಟಿನೋನು ಪಕ್ಕದಲ್ಲಿದ್ದೋರನ್ನ ಎಷ್ಟು ಕೇಳ್ದ ಅಂತೀಯ! ನನ್ ಪೇಪರ್ ನೋಡಿದ್ದೇ, ಬಾಯಿ ಮುಚ್ಕೊಂಡು ಹೋಗ್ಬುಟ್ಟ." ಅವತ್ತಿನಿಂದ ಅಂಚೆಟ್ಟಿ ಕಡೆಯವರು ಯಾರೇ ಬಂದರೂ ಮೊದಲು ಕೇಳುವುದು ರೈಲು ಯಾವುದು ಅಂತಲ್ಲ. "ಹೆಂಗಸ್ರ ಸಂಘದ ಸೀಲು ಹಾಕಿಕೊಡ್ತೀರಂತಲ್ಲ, ಅದೇ ಬೇಕು" ಅನ್ನುತ್ತಾರೆ.

೩. ಪಕ್ಕದ ಸೀಟು

ಇಸ್ತ್ರಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಇಂಥ ಒಬ್ಬ ದೊಡ್ಡ ಮನುಷ್ಯ ಚೆನ್ನೈ ಬಸ್ಸಿಗೆ ಸೀಟು ಕೇಳಿಕೊಂಡು ಬಂದ. ಸೀಟು ತೋರಿಸಿದೆ. ಕೆಮ್ಮಿದ. ಬಾಗಿಲ ಕಡೆ ನೋಡಿದ. ದನಿ ಇಳಿಸಿದ.

"ಅದು… ಪಕ್ಕದ ಸೀಟಲ್ಲಿ ಯಾರು ಕೂತ್ಕೋತಾರೆ?"

"ದುಡ್ಡು ಕೊಟ್ಟೋರು."

"ಹಂಗಲ್ಲಮ್ಮ. ನಮ್ಮೋರಾ, ಇಲ್ಲಾ…?"

ನನಗೆ ಮೈಯೆಲ್ಲ ಉರಿಯಿತು. "ಸ್ವಾಮೀ, ಈ ಕಂಪ್ಯೂಟರ್ ಹೆಸರು ಕೇಳ್ತದೆ, ವಯಸ್ಸು ಕೇಳ್ತದೆ, ಗಂಡಾ ಹೆಣ್ಣಾ ಅಂತ ಕೇಳ್ತದೆ. ಜಾತಿ ಕೇಳಲ್ಲ. ಈ ಊರಿಗೆ ಬಂದಾಗ್ನಿಂದ ನಾನು ನೋಡಿದ ಮೊದಲ್ನೇ ಬುದ್ಧಿವಂತ ಇದು. ನಿಮಗೆ ಯಾರ ಪಕ್ಕದಲ್ಲೂ ಕೂರಕ್ಕಾಗಲ್ಲ ಅಂದ್ರೆ ಚೆನ್ನೈಗೆ ನಡ್ಕೊಂಡು ಹೋಗಿ" ಅಂದೆ. ಗಂಟಲು ಬೀದಿಯ ಕೊನೆಯವರೆಗೂ ಕೇಳಿಸಿತಂತೆ.

ನಾಚಿಕೆ ಆಗಿರಬೇಕು, ತಲೆ ತಗ್ಗಿಸಿದ. ಪರವಾಗಿಲ್ಲ, ಒಬ್ಬನಾದರೂ ತಿದ್ದಿಕೊಂಡ ಅಂದುಕೊಂಡೆ. ಆಮೇಲೆ ತಲೆಯೆತ್ತಿ ಮೆಲ್ಲಗೆ ಹೇಳಿದ.

"ಹಂಗಾದ್ರೆ ಕಿಟಕಿ ಸೀಟೇ ಕೊಟ್ಬುಡಮ್ಮ. ಒಂದು ಕಡೆಯಾದ್ರೂ ನಿಶ್ಚಿಂತೆ."

೪. ಮಂಗಳವಾರದ ಬಸ್ಸು

ಆರು ತಿಂಗಳು ಮುಗಿಯುತ್ತಾ ಬಂತು. ಮಧುರೆ, ರಾಮೇಶ್ವರ, ಕನ್ಯಾಕುಮಾರಿ, ಐದು ದಿನದ ಯಾತ್ರೆ. ಎರಡು ತಿಂಗಳು ಫೋನಿನಲ್ಲಿ ಈ ಮೂರು ಹೆಸರು ಕೂಗಿ ಕೂಗಿ ಗಂಟಲು ಕಟ್ಟಿತು. ರಾಯಕೋಟೆಗೆ ಹೋದೆ, ಗುಮ್ಮಳಾಪುರಕ್ಕೆ ಹೋದೆ, ಸಂತೆಯಲ್ಲಿ ನಿಂತು ಚೀಟಿ ಹಂಚಿದೆ. ಅಂತೂ ಮೂವತ್ತೈದು ಹೆಸರು ಸೇರಿತು. ಆಗ ಕಂಪನಿಯವರು ಬಸ್ಸು ಹೊರಡುವ ದಿನ ಹೇಳಿದರು. ಮಂಗಳವಾರ.

"ಮಂಗಳವಾರ ಯಾರಾದ್ರೂ ಹೊಸಿಲು ದಾಟ್ತಾರಾ?" ಅಂತ ಮೂವತ್ತೈದು ಜನವೂ ಒಂದೇ ಬಾಯಲ್ಲಿ ಅಂದರು. ಕಂಪನಿಯವರನ್ನು ಕೇಳಿದರೆ, ಬೇರೆ ದಿನ ಬಸ್ಸಿಲ್ಲ. ನನ್ನ ಕಣ್ಣ ಮುಂದೆ ಫ್ಯಾಕ್ಟರಿ ಗೇಟು ಬಂದು ನಿಂತಿತು.

ದಾರಿ ತೋರಿಸಿದವಳು ಗುಮ್ಮಳಾಪುರದ ಒಬ್ಬ ಅಜ್ಜಿ. "ಅದಕ್ಯಾಕ್ ಒದ್ದಾಡ್ತೀಯ? ಪರಸ್ತಾನ ಇಟ್ರಾಯ್ತು." ಅಂದರೆ, ಒಳ್ಳೆಯ ದಿನ ನೋಡಿ ಪ್ರಯಾಣದ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಗಂಟು ಹೊರಟರೆ ಮನುಷ್ಯನೂ ಹೊರಟ ಹಾಗೇ. ಆಮೇಲೆ ಯಾವ ವಾರವಾದರೂ ಬಸ್ಸು ಹತ್ತಬಹುದು.

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ. ಆದರೆ ಅವತ್ತು, "ಇಡ್ರಪ್ಪಾ, ನಮ್ಮನೇಲೇ ಇಡಿ" ಅಂದುಬಿಟ್ಟೆ.

ಭಾನುವಾರ ಬೆಳಿಗ್ಗೆ ಮೂವತ್ತೈದು ಗಂಟು ಬಂದವು. ಚೀಲ, ಟ್ರಂಕು, ಚಕ್ಕುಲಿ ಡಬ್ಬ, ನೀರಿನ ಕ್ಯಾನು. ಕಂಪ್ಯೂಟರ್ ಕಾಣದೇ ಹೋಯಿತು. ಅದನ್ನಾದರೂ ಸಹಿಸಬಹುದಿತ್ತು. ಗುಮ್ಮಳಾಪುರದ ಐದು ಅಜ್ಜಿಯರು ಗಂಟು ಇಟ್ಟು, ಅದರ ಮೇಲೇ ಕೂತುಬಿಟ್ಟರು.

"ಅಜ್ಜೀ, ಮಂಗಳವಾರ ಬನ್ನಿ ಸಾಕು."

"ಗಂಟು ಹೊಂಟ ಮೇಲೆ ನಾವು ವಾಪಸ್ ಹೋಗಕ್ಕಾಯ್ತದಾ? ನೀನೇನೂ ತೊಂದ್ರೆ ತಗಬೇಡ. ಒಂದೊಂದು ಮುದ್ದೆ ಸಾಕು."

ಐದರಲ್ಲಿ ಒಬ್ಬಳು ನನ್ನ ಅತ್ತೆಯ ಮಂಚವನ್ನೇ ಹಿಡಿದಳು. ಅತ್ತೆ ದಿಂಬು, ಹೊದಿಕೆ, ಎರಡು ಸೀರೆ, ಬಿಪಿ ಮಾತ್ರೆ ಎಲ್ಲ ಗಂಟು ಕಟ್ಟಿಕೊಂಡು, "ನನ್ ಮಗನ್ ಮನೇಲಿ ನಂಗೇ ಜಾಗಿಲ್ಲ" ಅಂತ ಬೀದಿಗೆಲ್ಲ ಕೇಳುವ ಹಾಗೆ ಹೇಳಿ, ಪಕ್ಕದ ಮನೆಗೆ ಹೋಗಿ ಮಲಗಿದಳು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಬಸ್ಸು ಬಂತು. ಜೊತೆಗೆ ಕಂಪನಿಯವನು, ಕೈಯಲ್ಲಿ ಪಟ್ಟಿ. ಎಲ್ಲರೂ ಹತ್ತಿದರು. ತಲೆ ಎಣಿಸಿದ. ಮೂವತ್ತನಾಲ್ಕು. ರಾಯಕೋಟೆಯವನೊಬ್ಬ ಮನೆಯಿಂದ ಹೊರಡುವಾಗ ಮೊಮ್ಮಗು ಸೀನಿತಂತೆ. ಬರುವುದಿಲ್ಲ ಅಂತ ಫೋನ್ ಮಾಡಿದ.

"ಮೂವತ್ತೈದು ಅಂದ್ರೆ ಮೂವತ್ತೈದೇ ಮೇಡಂ. ರೂಲ್ಸು" ಅಂದ ಕಂಪನಿಯವನು.

"ನಾನೇ ಹತ್ತುತ್ತೀನಿ."

"ಏಜೆಂಟ್ ತಲೆ ಲೆಕ್ಕಕ್ಕಿಲ್ಲ ಮೇಡಂ."

ತಲೆಯೇ ಲೆಕ್ಕಕ್ಕಿಲ್ಲ! ಅವನಿಗೆ ಬೈದೆ, ಅವನ ಕಂಪನಿಗೆ ಬೈದೆ, ಸೀನಿದ ಕೂಸಿಗೂ ಬೈದೆ. ಅವನು ಗಡಿಯಾರ ನೋಡಿಕೊಂಡ. ಅಷ್ಟರಲ್ಲಿ ಅತ್ತೆ, ತಮಾಷೆ ನೋಡುವುದಕ್ಕೆ, ಗಂಟು ಕಂಕುಳಲ್ಲಿಟ್ಟುಕೊಂಡು ಪಕ್ಕದ ಮನೆಯಿಂದ ಹೊರಗೆ ಬಂದಳು. ಜನ್ಮದಲ್ಲಿ ಮೊದಲ ಸಲ ಅವಳ ಕೈ ಹಿಡಿದುಕೊಂಡೆ.

"ಅತ್ತೇ, ದಮ್ಮಯ್ಯ ಅಂತೀನಿ. ನೀವು ಹತ್ತಿ. ಇಲ್ದಿದ್ರೆ ನಾಳೆ ನಾನು ಆ ಗೇಟಲ್ಲಿ ನಿಲ್ಬೇಕು."

"ಮಂಗಳವಾರ ನಾನು ಹಿತ್ತಲಿಗೂ ಯೋಚ್ನೆ ಮಾಡಿ ಹೋಗೋಳು. ಬಸ್ಸು ಹತ್ತಲಾ?"

ಆಗ ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ, ನನಗೆ ಮೊದಲು ದಾರಿ ತೋರಿಸಿದ್ದ ಗುಮ್ಮಳಾಪುರದ ಅಜ್ಜಿ ಕೇಳಿದಳು. "ಏನಮ್ಮೋ, ಎರಡು ದಿನದಿಂದ ನೀನೆಲ್ಲಿ ಮಲಗಿದ್ದೆ?"

"ಪಕ್ಕದ್ಮನೇಲಿ. ನಿಮ್ಮಿಂದ್ಲೇ."

"ಯಾವತ್ತು ಹೋದೆ?"

"ಭಾನುವಾರ."

"ಗಂಟು?"

ಅತ್ತೆ ಕಂಕುಳಲ್ಲಿದ್ದ ಗಂಟನ್ನು ನೋಡಿಕೊಂಡಳು.

"ಅಂಗಾದ್ರೆ ನಿನ್ ಪರಸ್ತಾನ ಭಾನುವಾರವೇ ಆಗೋಯ್ತು" ಅಂದಳು ಅಜ್ಜಿ. "ನೀನು ಹೊಂಟು ಎರಡು ದಿನ ಆಯ್ತು. ಈಗ ವಾಪಸ್ ಮನೆಯೊಳಕ್ಕೆ ಹೋದ್ರೆ ಏನಾಯ್ತದೆ, ನೀನೇ ಯೋಚ್ನೆ ಮಾಡು."

ಅತ್ತೆ ಮನೆಯ ಬಾಗಿಲನ್ನು ನೋಡಿದಳು. ಬಸ್ಸಿನ ಬಾಗಿಲನ್ನು ನೋಡಿದಳು. ಹನ್ನೊಂದು ವರ್ಷ ನಾನು ತರ್ಕ ಮಾಡಿ, ಕೂಗಾಡಿ, ಉಪವಾಸ ಕೂತು ಈ ಹೆಂಗಸನ್ನು ಒಂದು ಮಾತಿಗೂ ಒಪ್ಪಿಸಿರಲಿಲ್ಲ. ಅತ್ತೆ ಸೀರೆ ಎತ್ತಿಕಟ್ಟಿ, ಬಸ್ಸು ಹತ್ತಿಬಿಟ್ಟಳು.

ಕಂಪನಿಯವನು ಪಟ್ಟಿಯಲ್ಲಿ ಗೀಟು ಎಳೆದ. ಮೂವತ್ತೈದು. ಏಜೆನ್ಸಿ ಉಳಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ಬಸ್ಸು ಅಲುಗಿತು. ಕಿಟಕಿಯ ಗಾಜು ಸರಿಸಿ ಅತ್ತೆ ತಲೆ ಹೊರಗೆ ಹಾಕಿದಳು. ಏನೋ ಒಳ್ಳೆಯ ಮಾತು ಹೇಳುತ್ತಾಳೆ ಅಂತ ಹತ್ತಿರ ಓಡಿದೆ.

"ಅದ್ಸರಿ ಕಣಮ್ಮಾ, ಈ ಬಸ್ಸು ಎಲ್ಲಿಗ್ ಹೋಗ್ತದೆ?"