ಕಸ್ಬಾದ ಒಂಟಿ ಸೇವಂತಿಗೆ

ಗಿಡ ಬೆಳೆಸಿದರೆ ರಕ್ತದೊತ್ತಡ ಇಳಿಯುತ್ತದೆ ಎಂದು ನನಗೆ ಹೇಳಿದ ಡಾಕ್ಟರು ಜನ್ಮದಲ್ಲಿ ಒಂದು ತುಳಸಿಯನ್ನೂ ಬೆಳೆಸಿದವರಲ್ಲ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತೈದು ವರ್ಷ ಕೂತಾಗ ನನ್ನ ಎದೆ ಧಸಕ್ಕೆಂದದ್ದು ಎರಡೋ ಮೂರೋ ಸಲ. ನಿವೃತ್ತನಾದ ಮೇಲೆ, ಕಲ್ಕತ್ತೆಯ ಕಸ್ಬಾದ ನಮ್ಮ ನೆಲಮಹಡಿ ಫ್ಲಾಟಿನ ಮುಂದಿರುವ ಹನ್ನೆರಡು ಅಡಿ ಮಣ್ಣಿನಲ್ಲಿ ತಿಂಗಳಿಗೊಂದು ಸಲ ಧಸಕ್ಕೆನ್ನುತ್ತದೆ. ಈ ಚಳಿಗಾಲವಂತೂ ನನ್ನ ಮಾನವೆಲ್ಲ ಒಂದೇ ಒಂದು ಸೇವಂತಿಗೆಯ ಮೇಲೆ ನಿಂತಿತ್ತು. ಅದು ಹೇಗೆ ಅಲ್ಲಿಗೆ ಹೋಗಿ ನಿಂತಿತು ಎನ್ನುವುದನ್ನು ಮೊದಲಿನಿಂದಲೇ ಹೇಳಬೇಕು. ನನಗೆ ಚಿಕ್ಕದಾಗಿ ಹೇಳಲು ಬರುವುದಿಲ್ಲ, ಕ್ಷಮಿಸಿ.

೧. ಕಳ್ಳ ಕೊಟ್ಟ ದೂರು

ಮೊದಲು ನೆಟ್ಟದ್ದು ಕೆಂಪು ದಾಸವಾಳ. ದಾಸವಾಳ ಕಂಡರೆ ನನಗೆ ಮೈಸೂರಿನ ಅಜ್ಜಿಯ ನೆನಪು. ಭಾನುವಾರ ಬಂತೆಂದರೆ ಅದರ ಎಲೆ ಅರೆದು ಆರು ಜನ ಮೊಮ್ಮಕ್ಕಳ ತಲೆಗೂ ಮೆತ್ತಿ, ಲೋಳೆ ಸುರಿಸಿಕೊಂಡ ನಮ್ಮನ್ನು ಜಗಲಿಯ ಮೇಲೆ ಸಾಲಾಗಿ ಕೂರಿಸುತ್ತಿದ್ದಳು. ಬೀದಿಯವರು ನಿಂತು ನೋಡಿಕೊಂಡು ಹೋಗುತ್ತಿದ್ದರು. ಹಾಗಾಗಿ ಗಿಡ ಮೊದಲ ಮೊಗ್ಗು ಬಿಟ್ಟಾಗ ನನ್ನ ಕಣ್ಣು ಒದ್ದೆಯಾಯಿತು. ಮರುದಿನ ನೋಡಿದರೆ ಹೂವೇ ಇಲ್ಲ! ಅದರ ಮರುದಿನವೂ ಇಲ್ಲ.

ಒಂದು ಮುಂಜಾನೆ ಬಾಗಿಲ ಹಿಂದೆ ಅಡಗಿ ನಿಂತೆ. ಕಾಂಪೌಂಡಿನ ಆಚೆಯಿಂದ ಒಂದು ಕೊಕ್ಕೆಕೋಲು ಮೆಲ್ಲಗೆ ಮೇಲೆದ್ದು ಬಂತು. ಓಡಿಹೋಗಿ ಇಣುಕಿದೆ. ಮಂಕಿ ಕ್ಯಾಪು, ಮಫ್ಲರು, ಕೈಯಲ್ಲಿ ಪಾಲಿಥಿನ್ ಚೀಲ. ಟೋಪಿಯೊಳಗಿನ ಮುಖ ನೋಡಿದರೆ, ಪಕ್ಕದ ಕಟ್ಟಡದ ನಿವೃತ್ತ ಹೆಡ್‌ಮಾಸ್ತರರು! ಇಡೀ ಗಲ್ಲಿ ಕಾಲುಮುಟ್ಟಿ ನಮಸ್ಕರಿಸುವ, ಎಲ್ಲರೂ ಅಣ್ಣನೆಂಬ ಅರ್ಥದಲ್ಲಿ 'ದಾದಾ' ಎಂದು ಕರೆಯುವ ಮನುಷ್ಯ!

"ದಾದಾ, ನೀವಾ?" ಅಂದೆ.

ಅವರು ಕೊಕ್ಕೆಯನ್ನೂ ಇಳಿಸಲಿಲ್ಲ. "ನಿಮ್ಮನ್ನೇ ಹುಡುಕುತ್ತಿದ್ದೆ. ನಾಲ್ಕು ದಿನದಿಂದ ಬರೀ ಎರಡೆರಡು ಹೂವು. ಕಾಳಿಮಾತೆಗೆ ಐದಾದರೂ ಬೇಡವೇ? ಏನು ಗೊಬ್ಬರ ಹಾಕುತ್ತೀರಿ?"

"ಏನೂ ಹಾಕಿಲ್ಲ."

"ಏನೂ ಹಾಕಿಲ್ಲ!" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕದಿಯುತ್ತಿದ್ದವನು ನಾನೇ ಅನ್ನಿಸಿಬಿಟ್ಟಿತು. "ಸಾಸಿವೆ ಹಿಂಡಿಯನ್ನು ಏಳು ದಿನ ನೀರಿನಲ್ಲಿ ಕೊಳೆಹಾಕಿ ಬುಡಕ್ಕೆ ಹೊಯ್ಯಿರಿ. ಸೋಮವಾರ ಬಂದು ನೋಡುತ್ತೇನೆ."

ಆ ನಾತಕ್ಕೆ ನನ್ನ ಹೆಂಡತಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಸೋಮವಾರ ದಾದಾ ಬಂದರು, ಬಗ್ಗಿ ಮೂಸಿದರು, ಮುಖ ಅರಳಿತು. "ಭೇಷ್! ಇನ್ನು ನಿಮ್ಮ ಮನೆಯಲ್ಲಿ ನೆಮ್ಮದಿಯಿಂದ ಕದಿಯಬಹುದು."

೨. ಒಂದು ನಿಮಿಷದ ಮೌನ

ಹೀಗೆ ಕಳ್ಳನೇ ಗುರುವಾದ. ನಮ್ಮ ಬಡಾವಣೆಯ ಕ್ಲಬ್ಬಿನಲ್ಲಿ ಪ್ರತಿ ಚಳಿಗಾಲ ಪುಷ್ಪ ಪ್ರದರ್ಶನ ನಡೆಯುತ್ತದೆ. ಸೇವಂತಿಗೆಯಲ್ಲಿ ಹನ್ನೊಂದು ವರ್ಷದಿಂದ ದಾದಾನೇ ಪ್ರಥಮ. ಒಂದು ಕುಂಡ, ಒಂದು ಕಾಂಡ, ಒಂದೇ ಹೂವು. ಉಳಿದ ಮೊಗ್ಗನ್ನೆಲ್ಲ ಚಿವುಟಿ ಹಾಕಬೇಕು. ಆಗ ಆ ಒಂದೇ ಹೂವು ಊಟದ ತಟ್ಟೆಯಷ್ಟಾಗುತ್ತದೆ ಎಂದು ನನಗೆ ಕಲಿಸಿದವರೂ ಅವರೇ. ಕಲಿತೆ. ಕಲಿತ ಮೇಲೆ, ಈ ಸಲ ಅವರನ್ನು ಸೋಲಿಸಲೇಬೇಕು ಎಂದು ಹಟ ಹಿಡಿದೆ.

"ಅವರ ಹತ್ರಾನೇ ಕಲಿತು ಅವರ ಮೇಲೇ ಸ್ಪರ್ಧೆನಾ?" ಎಂದು ಹೆಂಡತಿ ಬೈದಳು.

"ದಿನಕ್ಕೆ ಐದು ದಾಸವಾಳ ಗುರುದಕ್ಷಿಣೆ ಹೋಗ್ತಾ ಇದೆಯಲ್ಲ," ಅಂದೆ.

ದುರ್ಗಾಪೂಜೆ ಮುಗಿಯುತ್ತಲೇ ನನ್ನ ಅತ್ತೆ ಮೈಸೂರಿನಿಂದ ಬಂದರು. ಎಂಬತ್ತೆರಡು ವರ್ಷ, ಹಲ್ಲೆಲ್ಲ ಗಟ್ಟಿ, ಮಾತು ಅದಕ್ಕಿಂತ ಗಟ್ಟಿ. ಕಲ್ಕತ್ತೆಯಲ್ಲಿ ಕನಕಾಂಬರ ಸಿಗುವುದಿಲ್ಲವೆಂದು ಮಗಳು ಗೊಣಗುತ್ತಿದ್ದಳಲ್ಲ, ಅದಕ್ಕೆ ಒಣಗಿದ ಬೀಜದ ಕಾಯಿಗಳನ್ನು ಕಾಗದದಲ್ಲಿ ಕಟ್ಟಿ ತಂದಿದ್ದರು. ದಾದಾಗೆ ತೋರಿಸೋಣವೆಂದು ಒಂದು ಹಿಡಿಯನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡು, ಪ್ರದರ್ಶನಕ್ಕೆ ಹೆಸರು ಬರೆಸಲು ಕ್ಲಬ್ಬಿಗೆ ಹೊರಟೆ. ದಾರಿಯಲ್ಲಿ ಮಳೆ ಹನಿದು ಜುಬ್ಬಾ ನೆನೆಯಿತು.

ಚಿಕ್ಕಂದಿನಲ್ಲಿ ನಾವು ಇದೇ ಕಾಯಿಗಳನ್ನು ನೀರಿನ ತಂಬಿಗೆಗೆ ಹಾಕಿ, ಅವು ಚಟಚಟ ಸಿಡಿಯುವುದನ್ನು ನೋಡಿ ಕುಣಿಯುತ್ತಿದ್ದೆವು. ಐವತ್ತು ವರ್ಷದ ಮೇಲೆ ಈ ಜ್ಞಾನ ನನಗೆ ಮರಳಿ ನೆನಪಾದ ಗಳಿಗೆ ಯಾವುದು ಗೊತ್ತೇ? ಕ್ಲಬ್ಬಿನ ಹಿರಿಯ ಸದಸ್ಯರೊಬ್ಬರು ತೀರಿಕೊಂಡಿದ್ದರೆಂದು ನಲವತ್ತು ಜನ ತಲೆತಗ್ಗಿಸಿ ಒಂದು ನಿಮಿಷ ಮೌನವಾಗಿ ನಿಂತ ಗಳಿಗೆ!

ಚಟ್!

ನನ್ನ ಪಕ್ಕದವರು ಎಗರಿದರು. ಚಟ್, ಚಟ್! ಜೇಬನ್ನು ಒತ್ತಿ ಹಿಡಿದೆ. ಬೆವರಿನ ಕೈ, ಇನ್ನೂ ಜೋರಾಯಿತು. ಒಂದು ಬೀಜ ಹಾರಿ ಕಾರ್ಯದರ್ಶಿಯವರ ಕನ್ನಡಕಕ್ಕೆ ಠಣ್ಣೆಂದು ಬಡಿಯಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಾರೂ ತಲೆಯೆತ್ತಲಿಲ್ಲ. ಎಲ್ಲರೂ ಕಣ್ಣುಮುಚ್ಚಿ ನಡುಗುತ್ತಾ ನಿಂತರು.

ನಿಮಿಷ ಮುಗಿಯಿತು. ಕಾರ್ಯದರ್ಶಿ ಕನ್ನಡಕ ಒರೆಸಿಕೊಂಡು, ಗದ್ಗದ ಕಂಠದಿಂದ ಹೇಳಿದರು: "ಬದುಕಿದ್ದಾಗಲೂ ಅಷ್ಟೇ. ಒಂದು ಸಭೆಯಲ್ಲೂ ಆ ಮನುಷ್ಯ ಒಂದು ನಿಮಿಷ ಸುಮ್ಮನೆ ಕೂತವರಲ್ಲ."

೩. ಮುತ್ತೈದೆಗೆ ಹೂವು

ಡಿಸೆಂಬರು ಬಂತು. ನನ್ನ ಸೇವಂತಿಗೆ ಅರಳಿತು ನೋಡಿ! ಅಚ್ಚ ಹಳದಿ, ಎರಡು ಬೊಗಸೆ ತುಂಬುವಷ್ಟು. ಅದರ ಘಮಲಿಗೆ ನನಗೆ ಮದುವೆಮಂಟಪವೇ ನೆನಪಾಗುತ್ತಿತ್ತು. ಹೆಂಡತಿಯ ಜಡೆಯ ತುಂಬ ಹಳದಿ ಸೇವಂತಿಗೆ, ಅದಕ್ಕೆ ನನ್ನ ಸೀನು. ಪುರೋಹಿತರು ಮಂತ್ರಕ್ಕಿಂತ ಹೆಚ್ಚಾಗಿ "ಚಿರಂಜೀವಿ ಭವ" ಎಂದೇ ಹೇಳಬೇಕಾಯಿತು.

ಪ್ರದರ್ಶನದ ದಿನ ಹತ್ತು ಗಂಟೆಗೆ ಕುಂಡ ಕ್ಲಬ್ಬಿನಲ್ಲಿರಬೇಕು. ಒಂಬತ್ತಕ್ಕೆ ಸಾಮಾನು ಸಾಗಿಸುವ ಸೈಕಲ್ ವ್ಯಾನು ಕರೆತರಲು ಹೋದೆ. ಕರೆತಂದೆ. ನೋಡಿದೆ. ಕುಂಡವಿತ್ತು, ಕಾಂಡವಿತ್ತು, ಆಸರೆಕೊಟ್ಟ ಬಿದಿರುಕಡ್ಡಿಯಿತ್ತು.

ಹೂವಿರಲಿಲ್ಲ.

ಕುಂಡದ ಸುತ್ತ ಎರಡು ಸುತ್ತು ಹಾಕಿದೆ. ವ್ಯಾನಿನವನೇ ಕೇಳಿದ: "ಬಾಬು, ಈ ಕಡ್ಡಿಗೆ ವ್ಯಾನು ಬೇಕಾ?"

ಅತ್ತೆ ಹೊರಗೆ ಬಂದರು. "ಯಾಕೆ ಅಳಿಯಂದ್ರೆ, ಹಾಗೆ ಬಿಳುಚಿಕೊಂಡಿದ್ದೀರಿ?"

"ಹೂವು, ಅತ್ತೆ?"

"ಅದಾ! ಪಕ್ಕದ ಮನೆಯಾಕೆ ಪಾಯಸ ತಂದಿದ್ರು. ಇವಳು ಕುಂಕುಮ ಕೊಡ್ತಾ, 'ಅಮ್ಮ, ಒಂದು ಹೂವು ಕಿತ್ಕೊಂಡು ಬಾ' ಅಂದ್ಲು. ದಾಸವಾಳದ ಗಿಡದಲ್ಲಿ ಒಂದೂ ಇರ್ಲಿಲ್ಲ, ಯಾರೋ ಬೆಳಿಗ್ಗೇನೇ ಕಿತ್ಕೊಂಡು ಹೋಗಿದ್ರು. ಮುತ್ತೈದೆಯನ್ನ ಬರಿತಲೇಲಿ ಕಳಿಸೋಕಾಗತ್ತಾ? ಇದನ್ನೇ ಕಿತ್ತು ಹಿಂದಿನಿಂದ ತುರುಬಿಗೆ ಸಿಕ್ಕಿಸಿದೆ." ಕುಂಡದ ಕಡೆ ನೋಡಿ, "ಆದ್ರೂ ಆರು ತಿಂಗಳಲ್ಲಿ ಒಂದೇ ಒಂದು ಹೂವು ಬಿಟ್ಟಿದೆಯಲ್ಲ, ಆ ಗಿಡಕ್ಕೆ ನಾಚ್ಕೆ ಆಗ್ಬೇಕು," ಅಂದರು.

ಪಕ್ಕದ ಮನೆಯಾಕೆ ಎಂದರೆ ದಾದಾನ ಹೆಂಡತಿ, ನಮಗೆಲ್ಲ 'ಬೌದಿ', ಎಂದರೆ ಅತ್ತಿಗೆ. ನನ್ನ ಹೂವು ನನ್ನ ಎದುರಾಳಿಯ ಹೆಂಡತಿಯ ತಲೆಯ ಮೇಲೆ!

"ನೀನು ನೋಡಲಿಲ್ವಾ?" ಎಂದು ಹೆಂಡತಿಗೆ ಕೂಗಿದೆ.

"ಅವರು ಹೊರಡೋಕೆ ತಿರುಗಿದಾಗ ನೋಡಿದೆ. ಮುಡಿಸಿದ ಹೂವನ್ನ ಮುತ್ತೈದೆ ತಲೆಯಿಂದ ಕೀಳ್ತಾರೇನ್ರೀ? ನನ್ನ ಕೈಲಾಗಲ್ಲಪ್ಪ."

ಬೌದಿ ನೇರವಾಗಿ ಕ್ಲಬ್ಬಿಗೇ ಹೋಗಿದ್ದರು. ಸಂಕಟ ತಡೆಯದೆ ಬೋಳು ಕುಂಡವನ್ನೇ ವ್ಯಾನಿಗೇರಿಸಿ ನಾವು ಮೂವರೂ ಹೋದೆವು. ಅಲ್ಲಿ ದೊಡ್ಡ ಗುಂಪು ನೆರೆದಿತ್ತು. ದಾದಾನ ಬಿಳಿ ಸೇವಂತಿಗೆಯ ಸುತ್ತ ಯಾರೂ ಇಲ್ಲ. ಎಲ್ಲರೂ ಬೌದಿಯ ಬೆನ್ನ ಹಿಂದೆ. ಅವರಿಗೋ ತಲೆಯ ಮೇಲೆ ಏನಿದೆಯೆಂದೇ ಗೊತ್ತಿಲ್ಲ. "ಏನೋ ಸ್ವಲ್ಪ ಭಾರವಾಗಿದೆ, ಅಷ್ಟೇ" ಎನ್ನುತ್ತಿದ್ದಾರೆ! ತೀರ್ಪುಗಾರ್ತಿ ಟೇಪು ಹಿಡಿದು ತುರುಬನ್ನೇ ಅಳೆಯುತ್ತಿದ್ದರು. ದಾದಾನ ಹೂವಿಗಿಂತ ಅರ್ಧ ಇಂಚು ದೊಡ್ಡದು!

"ಆದರೆ ಹೂವು ಕುಂಡದೊಡನೆ ಇರಬೇಕು ಎಂಬುದು ನಿಯಮ," ಎಂದು ಆಕೆ ಪೇಚಾಡಿದರು. "ತೆಗೆದು ಕಾಂಡಕ್ಕೆ ಕಟ್ಟಬಹುದೇ?"

"ತೆಗೆಯೋ ಹಾಗಿಲ್ಲ!" ಎಂದು ನನ್ನ ಹೆಂಡತಿ ಅಡ್ಡಬಂದು, ನಮ್ಮ ಸಂಪ್ರದಾಯವನ್ನೆಲ್ಲ ಬಂಗಾಳಿಯಲ್ಲಿ ವಿವರಿಸಿದಳು. ಅತ್ತೆಗೆ ಒಂದಕ್ಷರ ತಿಳಿಯದಿದ್ದರೂ ಪ್ರತಿ ವಾಕ್ಯಕ್ಕೂ ತಲೆಯಾಡಿಸಿದರು.

ಕಾರ್ಯದರ್ಶಿ ಉಪಾಯ ಹೂಡಿದರು. ಕುಂಡವನ್ನು ಮೇಜಿನ ಮೇಲಿಟ್ಟರು. ಅದಕ್ಕೆ ತಾಗಿದಂತೆ ಕುರ್ಚಿ ಹಾಕಿ, ಜನಕ್ಕೆ ಬೆನ್ನು ತೋರುವಂತೆ ಬೌದಿಯನ್ನು ಕೂರಿಸಿದರು. ಪಕ್ಕದಲ್ಲಿ ನನ್ನ ಹೆಸರಿನ ಚೀಟಿ, ಉಳಿದ ಕುಂಡಗಳಿಗಿದ್ದಂಥದೇ ಒಂದು ಫಲಕ. ತೀರ್ಪುಗಾರ್ತಿ ಬರೆದರು: ಪ್ರಥಮ.

ನಾನು ಕುಣಿಯುವುದೋ ನಾಚುವುದೋ ತಿಳಿಯದೆ ನಿಂತೆ. ದಾದಾ ತಮ್ಮ ಬಿಳಿ ಹೂವನ್ನೊಮ್ಮೆ, ಹೆಂಡತಿಯ ತುರುಬನ್ನೊಮ್ಮೆ ನೋಡಿದರು. ಕೊನೆಗೆ ತಮ್ಮದೇ ಟೇಪು ತೆಗೆದು, "ನಾನೇ ಒಂದು ಸಲ ಅಳೆದು ನೋಡುತ್ತೇನೆ," ಎಂದು ಹೆಂಡತಿಯ ತುರುಬಿಗೆ ಕೈಹಾಕಿದರು.

ಬೌದಿ ಕತ್ತು ಅಲ್ಲಾಡಿಸದೆ ಫಲಕದತ್ತ ಬೆರಳು ತೋರಿಸಿದರು. "ನಲವತ್ತು ವರ್ಷ ಈ ತಲೆಯ ಕಡೆ ತಿರುಗಿ ನೋಡಿದವರಲ್ಲ. ಹೆಡ್‌ಮಾಸ್ತರರಾಗಿ ಓದಲು ಬರುವುದಿಲ್ಲವೇ? 'ಹೂಗಳನ್ನು ದೂರದಿಂದಲೇ ನೋಡಿ ಆನಂದಿಸಿ!'"