ಒರಿಜಿನಲಪ್ಪನವರ ಮೂರು ಗೇರಿನ ಸೈಕಲ್ಲು

ಒರಿಜಿನಲಪ್ಪನವರು ತಮ್ಮ ಸೈಕಲ್ಲಿಗೆ ಬೀಗ ಹಾಕದೇ ಇದ್ದದ್ದು ಮರೆವಿನಿಂದಲ್ಲ, ಸಿದ್ಧಾಂತದಿಂದ. ಆ ಸೈಕಲ್ಲು ಕಾರ್ಖಾನೆಯಿಂದ ಹೊರಬಿದ್ದ ಕಾಲದಲ್ಲಿ ಅದರ ಜೊತೆ ಬೀಗ ಬರುತ್ತಿರಲಿಲ್ಲವಂತೆ. ಕಂಪನಿಯವರೇ ಕೊಡದ ಬೀಗವನ್ನು ತಾವು ಹಾಕಿದರೆ ಗಾಡಿಯ ಅಸಲಿತನಕ್ಕೆ ಕುಂದಲ್ಲವೇ? ಹೀಗಾಗಿ ಅವತ್ತು ಬೆಳಿಗ್ಗೆ ಅದನ್ನು ತರಕಾರಿ ಅಂಗಡಿಯ ಮುಂದೆ ಹಾಗೇ ನಿಲ್ಲಿಸಿ, ಅಂಗಡಿಯವನ ತಕ್ಕಡಿ ಒರಿಜಿನಲ್ ಅಲ್ಲವೆಂದು ಅವನಿಗೆ ಸವಿಸ್ತಾರವಾಗಿ ಮನವರಿಕೆ ಮಾಡಿಕೊಟ್ಟು, ಬದನೆಕಾಯಿ ಚೀಲ ಹಿಡಿದು ತಿರುಗಿ ನೋಡಿದರೆ ಸೈಕಲ್ಲು ಇದ್ದ ಜಾಗದಲ್ಲಿ ಒಂದು ನಾಯಿ ಮಲಗಿತ್ತು.

ಅವರಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಸಿರಾಡಿಕೊಂಡಿತ್ತು. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ವರ್ಷಗಳ ಹಿಂದೆ ಗುಜರಿಯಿಂದ ಒಂದು ಹಳೇ ಮೂರು ಗೇರಿನ ಸೈಕಲ್ಲು ಕೊಂಡು ತಂದರು. ಆ ದಿನದಿಂದ ಈ ಪ್ರಪಂಚ ಅವರ ಪಾಲಿಗೆ ಎರಡು ಭಾಗವಾಯಿತು: ಒರಿಜಿನಲ್ಲು ಮತ್ತು ಡೂಪ್ಲಿಕೇಟು. ಮೊದಲ ಭಾಗದಲ್ಲಿ ಅವರ ಸೈಕಲ್ಲಿತ್ತು. ಮಿಕ್ಕಿದ್ದೆಲ್ಲ ಎರಡನೆಯದಕ್ಕೆ ಸೇರಿತ್ತು.

ಎದುರು ಮನೆಯ ಟೈಲರ್ ಹೊಸದಾಗಿ ಹೊಲಿಗೆ ಯಂತ್ರ ತಂದಾಗ ಅದರ ಚಕ್ರ ತಿರುಗಿಸಿ, "ಹೊರಗಿನ ಮೈ ಪರವಾಗಿಲ್ಲ, ಒಳಗಿನ ಜೀವ ಬೇರೆಯವರದು" ಎಂದು ಸಾವಿನ ಸುದ್ದಿ ತಿಳಿಸುವ ದನಿಯಲ್ಲಿ ಹೇಳಿದ್ದರು. ಪಕ್ಕದ ಮನೆಯ ಮೇಷ್ಟ್ರು, ಶಾಲೆಯವರು ನಿವೃತ್ತಿಯ ದಿನ ಕೊಟ್ಟ ಗಡಿಯಾರವನ್ನು ಕಣ್ಣೊರೆಸಿಕೊಂಡು ಗೋಡೆಗೆ ಹಾಕುತ್ತಿದ್ದಾಗ, "ಮುಳ್ಳು ಮಾತ್ರ ಒರಿಜಿನಲ್ಲು ಮೇಷ್ಟ್ರೇ" ಎಂದಿದ್ದರು. ಹೆಂಡತಿಯ ತಂಗಿಗೆ ಗಂಡು ನೋಡಲು ಹೋದಾಗಲಂತೂ ಗಂಡಿನ ತಂದೆ ನಕ್ಕ ತಕ್ಷಣ, "ಮುಂದಿನ ನಾಲ್ಕು ಹಲ್ಲು ಆಮೇಲೆ ಹಾಕಿಸಿದ್ದು" ಎಂದು ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು. ಆ ಸಂಬಂಧ ಕುದುರಲಿಲ್ಲ.

ಯಾರು ಸಿಕ್ಕರೂ ಅವರ ಪಾಠ ಒಂದೇ. "ನೋಡಿ, ಹಿಂದಿನ ಗಾಲಿಯ ನಡುವೆ ಡಬ್ಬಿ ಥರ ಇದೆಯಲ್ಲ, ಅದೇ ಹಬ್. ಮೂರು ಗೇರೂ ಅದರ ಹೊಟ್ಟೆಯೊಳಗೇ ಇರೋದು. ಒರಿಜಿನಲ್ ಆದ್ರೆ ಅದರ ಮೈಮೇಲೆ ಹುಟ್ಟಿದ ವರ್ಷ ಕೊರೆದಿರ್ತಾರೆ. ಹ್ಯಾಂಡಲ್ ಮೇಲಿನ ಗೇರ್ ಲಿವರು ಪೂರ್ತಿ ಉಕ್ಕು. ಒಂಚೂರು ಪ್ಲಾಸ್ಟಿಕ್ ಕಂಡ್ರೂ ಕಣ್ಣು ಮುಚ್ಕೊಂಡು ಡೂಪ್ಲಿಕೇಟ್ ಅಂದುಬಿಡಿ."

"ಎಲ್ಲಿ, ನಿಮ್ಮ ಹಬ್ ಮೇಲಿನ ವರ್ಷ ತೋರಿಸಿ" ಎಂದು ಯಾರಾದರೂ ಬಗ್ಗಿದರೆ, ಒರಿಜಿನಲಪ್ಪನವರು ಹಸುಗೂಸಿಗೆ ಅಡ್ಡ ನಿಲ್ಲುವ ತಾಯಿಯಂತೆ ಗಾಲಿಗೆ ಅಡ್ಡ ನಿಲ್ಲುತ್ತಿದ್ದರು. ಹಬ್ ಮೇಲೆ ಬೆರಳು ಗಾತ್ರದ ಕರಿ ಜಿಡ್ಡು ಕೂತಿತ್ತು. "ಮುಟ್ಟಬೇಡಿ! ಆ ಜಿಡ್ಡೂ ಒರಿಜಿನಲ್ಲೇ!"

ಅಸಲು ಸಂಗತಿ ಅವರೊಬ್ಬರಿಗೇ ಗೊತ್ತು. ಒಮ್ಮೆ ಯಾರೂ ಇಲ್ಲದ ಹೊತ್ತಿನಲ್ಲಿ ಸೀಮೆಎಣ್ಣೆ ಬಟ್ಟೆ ಹಿಡಿದು ಅವರೇ ಆ ಜಿಡ್ಡು ಒರೆಸಲು ಕೂತಿದ್ದರು. ಅಂಕಿ ಇಲ್ಲದೇ ಹೋದರೆ ಎಂಬ ಯೋಚನೆ ಬಂದದ್ದೇ ತಡ, ಬಟ್ಟೆಯನ್ನು ಮಡಿಸಿ ಅಟ್ಟಕ್ಕೆಸೆದರು. ಮೂರು ಗೇರುಗಳಲ್ಲಿ ಕೆಲಸ ಮಾಡುತ್ತಿದ್ದುದು ಒಂದೇ. ಅದೂ ಇಳಿಜಾರಿಗೆ ಹೇಳಿಮಾಡಿಸಿದ್ದು. ಏರು ಬಂದರೆ ಅವರು ಇಳಿದು ತಳ್ಳುತ್ತಿದ್ದರು, ಯಾರಾದರೂ ಕೇಳಿದರೆ ಯಂತ್ರಕ್ಕೆ ವಿಶ್ರಾಂತಿ ಎನ್ನುತ್ತಿದ್ದರು.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್ ಬಹಳ ತಾಳ್ಮೆಯ ಮನುಷ್ಯ. "ಸೈಕಲ್ ಬಣ್ಣ?" ಎಂದು ಕೇಳಿದರು.

"ಬಣ್ಣ ಯಾರು ಬೇಕಾದ್ರೂ ಬಳೀಬಹುದು. ಗುರುತು ಬರ್ಕೊಳ್ಳಿ. ಹಬ್ ಮೇಲೆ ವರ್ಷದ ಅಂಕಿ ಕೊರೆದಿದೆ. ಲಿವರು ಪೂರ್ತಿ ಉಕ್ಕು. ಇವೆರಡೂ ಇಲ್ಲದ ಸೈಕಲ್ಲು ನನ್ನ ಮುಂದೆ ತಂದಿಟ್ರೂ ಅದು ನನ್ನದಲ್ಲ!"

"ಹಾಗೇ ಬರೀಲಾ?"

"ಅಕ್ಷರ ಬಿಡದೆ ಬರೀರಿ."

ರೈಟರ್ ಅಕ್ಷರ ಬಿಡದೆ ಬರೆದರು.

ಕಳುವಿನ ಸುದ್ದಿ ಬೀದಿಗೆ ತಲುಪಿದಾಗ ಎಲ್ಲರೂ ದುಃಖಿಸಿದರು. ಮೇಷ್ಟ್ರು ದುಃಖ ತಡೆಯಲಾರದೆ ಎರಡು ಸಲ ತಿಂಡಿ ತಿಂದರು. ಟೈಲರ್ ಹೊಲಿಯುತ್ತಾ ಸಣ್ಣಗೆ ಹಾಡಿಕೊಳ್ಳುತ್ತಿದ್ದವನು ಒರಿಜಿನಲಪ್ಪನವರನ್ನು ಕಂಡು ಹಾಡು ನಿಲ್ಲಿಸಿದ. "ಅಯ್ಯೋ ಪಾಪ, ಇನ್ನು ನಮಗೆ ಬುದ್ಧಿ ಹೇಳೋರು ಯಾರು ಸಾರ್?" ಎಂದ.

ಮಧ್ಯಾಹ್ನ ಠಾಣೆಯಿಂದ ಫೋನು ಬಂತು. ಬಸ್ ನಿಲ್ದಾಣದ ಹತ್ತಿರ ಒಂದು ಹಳೇ ಸೈಕಲ್ಲು ಸಿಕ್ಕಿದೆ, ಬಂದು ಗುರುತಿಸಬೇಕು. ಕದ್ದವನು ಮೊದಲ ಏರಿನಲ್ಲೇ ಬುದ್ಧಿ ಕಲಿತು ಬಿಟ್ಟು ಹೋಗಿದ್ದನೆಂದು ಕಾಣುತ್ತದೆ.

"ನಾವೂ ಬರ್ತೀವಿ" ಎಂದರು ಮೇಷ್ಟ್ರು, ಆಗಲೇ ಚಪ್ಪಲಿ ಮೆಟ್ಟಿಕೊಂಡು. "ಇಷ್ಟು ವರ್ಷ ಕೇಳಿದ ಆ ಅಂಕೀನ ಒಂದ್ಸಲ ಕಣ್ಣಾರೆ ನೋಡಿ ಧನ್ಯರಾಗ್ತೀವಿ."

ಟೈಲರ್ ಅಂಗಡಿಯ ಬಾಗಿಲೆಳೆದ. ಗಂಡನನ್ನು ಈ ಇಬ್ಬರ ಜೊತೆ ಕಳಿಸುವುದು ಕ್ಷೇಮವಲ್ಲವೆಂದು ಹೆಂಡತಿಯೂ ಹೊರಟಳು. ದಾರಿಯುದ್ದಕ್ಕೂ ಒರಿಜಿನಲಪ್ಪನವರ ಮುಖದಲ್ಲಿ ಸೈಕಲ್ಲು ಸಿಕ್ಕ ಸಂತೋಷಕ್ಕಿಂತ ಆ ಜಿಡ್ಡಿನ ಚಿಂತೆಯೇ ಹೆಚ್ಚಾಗಿತ್ತು.

ಠಾಣೆಯ ಹಿಂದಿನ ಅಂಗಳದಲ್ಲಿ ಹಿಡಿದು ತಂದ ವಾಹನಗಳು ರಾಶಿ ಬಿದ್ದಿದ್ದವು. ಮುಂದೆಯೇ ನಿಂತಿತ್ತು ಸೈಕಲ್ಲು. ಟೈಲರ್ ಹೊಲಿದುಕೊಟ್ಟ ಸೀಟಿನ ಕವರು, ಮೇಷ್ಟ್ರ ಗೇಟಿಗೆ ಗುದ್ದಿ ಸೊಟ್ಟಗಾದ ಮಡ್‌ಗಾರ್ಡು, ಹೆಂಡತಿ ಕಟ್ಟಿದ ನೀಲಿ ದಾರ, ಎಲ್ಲ ಇದ್ದಲ್ಲೇ ಇತ್ತು.

"ಇದೇ ರೀ ನಮ್ದು!" ಎಂದಳು ಹೆಂಡತಿ.

"ತಾಳಿ ಅಮ್ಮಾ" ಎಂದರು ರೈಟರ್. "ಯಜಮಾನ್ರು ಬರೆಸಿದ ಗುರುತು ತಾಳೆ ನೋಡಬೇಕು." ಅವರು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ತೆಗೆದುಕೊಂಡು ಕುಕ್ಕರುಗಾಲಲ್ಲಿ ಕೂತರು.

"ಬೇಡ ಬೇಡ, ಅದು ಒರಿಜಿನಲ್ ಜಿಡ್ಡು..." ಎನ್ನುವುದರೊಳಗೆ ಜಿಡ್ಡು ಬಟ್ಟೆಗೆ ಬಂದಾಗಿತ್ತು. ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿದರು. ಟೈಲರ್ ಮಂಡಿಯೂರಿದ. ಹಬ್ ಮೇಲೆ ವರ್ಷವೂ ಇರಲಿಲ್ಲ, ಹೆಸರೂ ಇರಲಿಲ್ಲ. ಆಗಷ್ಟೇ ಬೋಳಿಸಿದ ತಲೆಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ರೈಟರ್ ಲಿವರನ್ನು ಉಗುರಿನಿಂದ ಕೆರೆದರು. ಬೆಳ್ಳಿ ಬಣ್ಣ ಚಕ್ಕೆ ಎದ್ದು ಒಳಗಿನಿಂದ ಬಿಳೀ ಪ್ಲಾಸ್ಟಿಕ್ಕು ಇಣುಕಿತು.

ಮೇಷ್ಟ್ರು ಕೆಮ್ಮಿದರು. ಅದು ಕೆಮ್ಮಲ್ಲವೆಂದು ಕಿವಿ ಇದ್ದ ಯಾರಿಗಾದರೂ ತಿಳಿಯುತ್ತಿತ್ತು.

"ಒಂಚೂರು ಪ್ಲಾಸ್ಟಿಕ್ ಕಂಡ್ರೂ ಏನಂತ ಹೇಳ್ಬೇಕು ಅಂದಿದ್ರಿ ಸಾರ್?" ಎಂದು ಟೈಲರ್ ಬಹಳ ವಿನಯದಿಂದ ಕೇಳಿದ.

ಒರಿಜಿನಲಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಇದು ತಮ್ಮದೆಂದು ಒಪ್ಪಿಕೊಂಡರೆ ಸೈಕಲ್ಲು ಮನೆಗೆ ಬರುತ್ತದೆ, ಮರ್ಯಾದೆ ಇಲ್ಲೇ ಉಳಿಯುತ್ತದೆ. ನಾಳೆಯಿಂದ ಹೊಲಿಗೆ ಯಂತ್ರ, ಗೋಡೆ ಗಡಿಯಾರ, ಬೀಗರಾಗದೆ ಹೋದವರ ಹಲ್ಲು ಎಲ್ಲವೂ ಸೇರಿ ತಮ್ಮನ್ನು ನೋಡಿ ನಗುತ್ತವೆ. ಅವರು ಎದೆಯುಬ್ಬಿಸಿದರು.

"ಇದು ನನ್ನದಲ್ಲ!"

"ಸೀಟಿನ ಕವರು ನಾನೇ ಹೊಲಿದದ್ದಲ್ವಾ ಸಾರ್?"

"ನೀವು ಊರಿಗೆಲ್ಲ ಅದೇ ಬಟ್ಟೇಲಿ ಹೊಲೀತೀರಿ."

"ರೀ, ಈ ದಾರ ಕಟ್ಟಿದ್ದು ನಾನು!"

"ನೀನು ಸುಮ್ನಿರು. ದಾರಕ್ಕೇನು, ಅದೂ ಡೂಪ್ಲಿಕೇಟ್ ಸಿಗುತ್ತೆ!"

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ಅಲ್ಲಿಗೇ ನಿಲ್ಲಿಸಿ ಬರಿಗೈಲಿ ಮನೆಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕೆಟ್ಟ ಗಳಿಗೆ ನೋಡಿ, ಅದೇ ಹೊತ್ತಿಗೆ ಅವರ ಕಣ್ಣು ಮೂಲೆಗೆ ಹೊರಳಿತು. ತುಕ್ಕು ಹಿಡಿದ ಗಾಡಿಗಳ ಹಿಂದೆ ಇನ್ನೊಂದು ಕರೀ ಸೈಕಲ್ಲು ಗೋಡೆಗೊರಗಿತ್ತು. ಹಿಂದಿನ ಗಾಲಿಯ ನಡುವೆ ಡಬ್ಬಿಯಂಥ ಹಬ್. ಅವರು ರೈಟರ್ ಕೈಯಿಂದ ಬಟ್ಟೆ ಕಸಿದುಕೊಂಡು ಹೋಗಿ ಒರೆಸಿದರು. ಧೂಳಿನಡಿಯಿಂದ ಕಂಪನಿಯ ಹೆಸರು ಮೂಡಿತು, ಅದರ ಪಕ್ಕದಲ್ಲಿ ಸ್ಪಷ್ಟವಾಗಿ ಕೊರೆದ ವರ್ಷ. ಲಿವರು ಮುಟ್ಟಿದರು. ತಣ್ಣನೆ ಉಕ್ಕು. ಒತ್ತಿದರೆ ಟಿಕ್ ಎಂದಿತು, ಮತ್ತೊಮ್ಮೆ ಒತ್ತಿದರೆ ಮತ್ತೊಮ್ಮೆ ಟಿಕ್. ಇಷ್ಟು ವರ್ಷ ಬಾಯಲ್ಲಿ ಮಾತ್ರ ಇದ್ದ ಒರಿಜಿನಲ್ಲು ಅವರ ಕೈಗೆ ಸಿಕ್ಕಿದ್ದು ಅದೇ ಮೊದಲು. ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಆ ನೀರಾದರೂ ಅಸಲಿ ಎಂದು ಒಪ್ಪಬೇಕು.

"ಇದು ನನ್ನದು!" ಎಂದು ಕೂಗಿದರು.

ಹೆಂಡತಿ ಬಾಯಿ ಬಿಟ್ಟು ನಿಂತಳು. ಟೈಲರ್ ಏನೋ ಹೇಳಹೋದ. ಮೇಷ್ಟ್ರು ಅವನ ಕೈ ಅದುಮಿ ಮುಂದೆ ಬಂದರು. ಮೂವತ್ತು ವರ್ಷ ಪಾಠ ಹೇಳಿದವರಿಗೆ, ತಪ್ಪು ಉತ್ತರ ಬರೆಯುತ್ತಿರುವವನನ್ನು ಮಧ್ಯದಲ್ಲಿ ತಡೆಯಬಾರದೆಂದು ಗೊತ್ತಿರುತ್ತದೆ.

"ಹೌದು ರೈಟರೇ, ಇವರ ಸೈಕಲ್ಲಿನ ಹಬ್ ಮೇಲೆ ಅಂಕಿ ಇದೆ ಅಂತ ನಾವು ವರ್ಷಗಟ್ಟಲೆ ಕೇಳಿದ್ದೀವಿ. ಇದರ ಮೇಲೆ ಅಂಕಿ ಇದೆ. ಮತ್ತಿನ್ನೇನು ಬೇಕು? ನಾನೂ ಸಾಕ್ಷಿ, ಈ ಟೈಲರೂ ಸಾಕ್ಷಿ."

ರೈಟರ್ ಮುಖದಲ್ಲಿ ಇದ್ದಕ್ಕಿದ್ದ ಹಾಗೆ ಹಾಲು ಕುಡಿದಷ್ಟು ಸಂತೋಷ ಕಾಣಿಸಿತು. ಎಲ್ಲರನ್ನೂ ಒಳಗೆ ಕರೆದು ಕೂರಿಸಿ ಟೀ ತರಿಸಿದರು. ಹೇಳಿಕೆ ಬರೆದುಕೊಳ್ಳಲು ಹೊಸ ಪೆನ್ನು ತೆಗೆದರು.

"ಇದು ನಿಮ್ಮದೇ ಅನ್ನೋದ್ರಲ್ಲಿ ಅನುಮಾನ ಇಲ್ಲ ತಾನೇ?"

"ಹಬ್ ನೋಡಿ, ಲಿವರ್ ನೋಡಿ. ಇಂಥಾದ್ದು ಈ ಊರಲ್ಲಿ ಎರಡಿದ್ರೆ ನಾನು ಮೀಸೆ ಬೋಳಿಸ್ತೀನಿ."

"ಬೇರೆ ಯಾರಿಗಾದ್ರೂ ಓಡಿಸೋಕೆ ಕೊಟ್ಟಿದ್ರಾ?"

"ಹೆಂಡತೀನ ಬೇಕಾದ್ರೆ ಆರು ತಿಂಗಳು ತವರಿಗೆ ಕಳಿಸ್ತೀನಿ, ಸೈಕಲ್ಲು ಮಾತ್ರ ಒಂದು ಗಳಿಗೆ ಕೊಡಲ್ಲ. ಈ ಕೈ ಬಿಟ್ಟು ಬೇರೆ ಕೈ ಇದನ್ನ ಮುಟ್ಟಿಲ್ಲ."

"ಅದನ್ನೂ ಬರೀಲಾ?"

"ದಪ್ಪಕ್ಷರದಲ್ಲಿ ಬರೀರಿ!"

ಬರೆದದ್ದಾಯಿತು. ಒರಿಜಿನಲಪ್ಪನವರು ಸಹಿ ಹಾಕಿದರು, ಮೇಷ್ಟ್ರು ಮತ್ತು ಟೈಲರ್ ಸಾಕ್ಷಿ ಹಾಕಿದರು. ಅಷ್ಟರಲ್ಲಿ ಇನ್ಸ್‌ಪೆಕ್ಟರು ಒಳಬಂದರು. ರೈಟರ್ ಎದ್ದು ಅವರ ಕಿವಿಯಲ್ಲಿ ಏನೋ ಹೇಳಿದ್ದೇ ತಡ, ಇನ್ಸ್‌ಪೆಕ್ಟರು ಒರಿಜಿನಲಪ್ಪನವರ ಕೈ ಹಿಡಿದು ಕುಲುಕತೊಡಗಿದರು.

"ಮೂಲೇಲಿರೋ ಸೈಕಲ್ಲಿನ ಯಜಮಾನ್ರು ನೀವೇನಾ! ಎಲ್ಲಿ ಹೋಗಿದ್ರಿ ಸ್ವಾಮಿ ಇಷ್ಟು ದಿನ? ಹೋದ ಬೇಸಿಗೇಲಿ ಬಟ್ಟೆ ಗೋದಾಮಿನ ಕಿಟಕಿ ಸರಳು ಕತ್ತರಿಸಿ ಕಳ್ಳತನ ಆಯ್ತಲ್ಲ, ಆ ಕಳ್ಳ ಕಾವಲುಗಾರನ್ನ ನೋಡಿ ಗೋಡೆ ಹಾರಿ ಓಡಿಹೋದ. ಓಡೋ ಆತುರದಲ್ಲಿ ಈ ಸೈಕಲ್ಲು ಅಲ್ಲೇ ಬಿಟ್ಟ. ಅವತ್ತಿಂದ ಇದರ ಒಡೆಯನ್ನ ಹುಡುಕಿ ಹುಡುಕಿ ನಮ್ಮ ಬೂಟು ಸವೀತು."

ಒರಿಜಿನಲಪ್ಪನವರ ಬಾಯಲ್ಲಿದ್ದ ಟೀ ಅತ್ತ ಇಳಿಯಲೂ ಇಲ್ಲ, ಇತ್ತ ಬರಲೂ ಇಲ್ಲ.

"ಅ... ಅಯ್ಯೋ, ನನ್ನದು ಕಳುವಾಗಿದ್ದು ಇವತ್ತು ಬೆಳಿಗ್ಗೆ ಸಾರ್! ಇದನ್ನೂ ಯಾರೋ ಕದ್ದು..."

"ಇದು ಬೇಸಿಗೆಯಿಂದ ಇಲ್ಲೇ ಬಿದ್ದಿದೆ. ಇವತ್ತು ಬೆಳಿಗ್ಗೆ ಕಳುವಾಗೋಕೆ ಇದೇನು ನಮ್ಮ ಕಣ್ಣು ತಪ್ಪಿಸಿ ತರಕಾರಿ ತರೋಕೆ ಹೋಗಿತ್ತಾ?"

ಮೇಷ್ಟ್ರು ತಮ್ಮ ಕುರ್ಚಿಯನ್ನು ಮೆಲ್ಲಗೆ ಬಾಗಿಲ ಕಡೆ ಸರಿಸಿಕೊಂಡರು. ತಾವು ಹಾಕಿದ್ದು ಕೇಳಿದ ಮಾತಿಗೆ ಸಾಕ್ಷಿಯೇ ಹೊರತು ಕಂಡದ್ದಕ್ಕಲ್ಲವೆಂದು ವಿವರಿಸತೊಡಗಿದರು. ಟೈಲರ್‌ಗೆ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಬಿಸಿಗೆ ಇಟ್ಟದ್ದು ನೆನಪಾಯಿತು. ಇಬ್ಬರನ್ನೂ ಇನ್ಸ್‌ಪೆಕ್ಟರು ಕಣ್ಣಲ್ಲೇ ಕೂರಿಸಿದರು.

ಅವರು ಹೇಳಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿ ನಿಟ್ಟುಸಿರು ಬಿಟ್ಟರು. "ನೋಡಿ ಯಜಮಾನ್ರೇ, ನಿಮ್ಮನ್ನ ನೋಡಿದ್ರೆ ಗೋಡೆ ಹಾರೋ ಪೈಕಿ ಅನ್ಸಲ್ಲ, ಮೆಟ್ಟಿಲು ಹತ್ತೋದೇ ಅನುಮಾನ. ಹಾಗಾಗಿ ಒಂದು ಅವಕಾಶ ಕೊಡ್ತೀನಿ. ಹೊರಗಿರೋ ಆ ಬೋಳು ಹಬ್ಬಿನ ಡೂಪ್ಲಿಕೇಟ್ ಸೈಕಲ್ಲೇ ನನ್ನದು, ಜಂಬಕ್ಕೆ ಸುಳ್ಳು ಹೇಳ್ದೆ ಅಂತ ಈ ನಿಮ್ಮ ನೆರೆಯವರ ಮುಂದೆ ಒಪ್ಕೊಳ್ಳಿ. ಚೆನ್ನಾಗಿ ಬೈದು, ನಿಮ್ಮ ಸೈಕಲ್ ಕೊಟ್ಟು ಮನೆಗೆ ಕಳಿಸ್ತೀನಿ. ಇಲ್ಲ, ಮೂಲೇದೇ ನನ್ನದು ಅಂದ್ರೆ ಇವತ್ತಿಂದ ನಿಮ್ಮ ಊಟ ನಮ್ಮದು. ಸುಳ್ಳ ಅಂತ ಬರೀಲೋ, ಕಳ್ಳ ಅಂತ ಬರೀಲೋ, ನೀವೇ ಹೇಳಿಬಿಡಿ."

"ಸುಳ್ಳ ಅನ್ರೀ!" ಹೆಂಡತಿ ಅಳುವ ದನಿಯಲ್ಲಿ ಅವರ ತೋಳು ಜಗ್ಗಿದಳು. "ನಿಮ್ಮ ದಮ್ಮಯ್ಯ, ಒಂದೇ ಒಂದು ಮಾತು. ಡೂಪ್ಲಿಕೇಟೇ ನಮ್ದು ಅನ್ನಿ, ಮನೆಗೆ ಹೋಗೋಣ."

ಒರಿಜಿನಲಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಅವರ ಕಣ್ಣು ಬಾಗಿಲ ಕಡೆ ಹೋಯಿತು. ಅಲ್ಲಿ ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಂಡಿದ್ದರು. ಟೈಲರ್ ಕುರ್ಚಿಯ ಅಂಚಿಗೆ ಬಂದು ಕೂತಿದ್ದ. ಭಯದ ನಡುವೆಯೂ ಇಬ್ಬರ ಮುಖದಲ್ಲೂ ಆ ಒಂದು ಮಾತು ಕೇಳುವ ಆಸೆ ಎದ್ದು ಕಾಣುತ್ತಿತ್ತು.

ತೆರೆದ ಬಾಯಿ ಮುಚ್ಚಿತು. ಅವರು ಬೆವರು ಒರೆಸಿಕೊಂಡು, ರೈಟರ್ ಕಡೆ ಬಗ್ಗಿ, ತಗ್ಗಿದ ದನಿಯಲ್ಲಿ ಕೇಳಿದರು:

"ಕಳ್ಳ ಅಂತ ಬರೆದ್ರೆ... ಸೈಕಲ್ಲು ಒರಿಜಿನಲ್ ಅಂತಲೂ ಬರೀತೀರಾ?"